ಹತ್ತು ಹನಿ ಎಣ್ಣೆ, ಇನ್ನೂರು ಲೀಟರ್ ನೀರು

ಪ್ರಶ್ನೆ: ಮೇಡಂ, ಮನೆಯ ಹಿಂದೆ 200 ಲೀಟರಿನ ಎರಡು ಡ್ರಮ್‌ಗಳಲ್ಲಿ ಮಳೆನೀರು ಹಿಡಿದಿಟ್ಟುಕೊಳ್ಳುತ್ತೇವೆ. ಪಾತ್ರೆ ತೊಳೆಯುವುದಕ್ಕೂ ಗಿಡಗಳಿಗೂ ಅದೇ ನೀರು. ಅದರಲ್ಲಿ ಸದಾ ಸೊಳ್ಳೆ ಮರಿಗಳು. ರಾಸಾಯನಿಕ ಬೇಡವೆಂದು ನಿಂಬೆಹುಲ್ಲಿನ ಎಸೆನ್ಷಿಯಲ್ ಆಯಿಲ್ ತಂದೆ. ಮೊದಲು ಒಂದು ಲೀಟರಿನ ಮಗ್ಗಿನಲ್ಲಿ ಮರಿಗಳನ್ನು ಹಿಡಿದು, ಎರಡು ಹನಿ ಎಣ್ಣೆಯನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಕಲಸಿ ಹಾಕಿದೆ. ಬೆಳಗಾಗುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಅದೇ ಧೈರ್ಯದಲ್ಲಿ ಒಂದೊಂದು ಡ್ರಮ್ಮಿಗೆ ಹತ್ತು ಹತ್ತು ಹನಿ ಹಾಕಿದೆ. ಮರುದಿನ ಸತ್ತ ಮರಿಗಳು ತೇಲುತ್ತಿದ್ದವು. ಆರನೇ ದಿನ ನೋಡಿದರೆ ಮತ್ತೆ ತುಂಬಿಕೊಂಡಿವೆ. ಎಣ್ಣೆ ಕಲಬೆರಕೆಯೇ? ಲವಂಗದೆಣ್ಣೆ, ಬೇವಿನೆಣ್ಣೆ ಇದಕ್ಕಿಂತ ಜೋರೇ? ಪಕ್ಕದಲ್ಲಿ ಗಪ್ಪಿ ಮೀನಿರುವ ಸಣ್ಣ ತೊಟ್ಟಿಯಿದೆ, ಅದಕ್ಕೂ ಹಾಕಬಹುದೇ? ಮನೆಯಲ್ಲಿ ಎರಡು ವರ್ಷದ ಮಗುವಿದೆ, ಬೆಕ್ಕಿದೆ. ಗಿಡದ ಎಣ್ಣೆ ತಾನೇ, ತೊಂದರೆಯೇನಿಲ್ಲ ಅಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಆ ಮಗ್ಗು. ಬಹಳಷ್ಟು ಜನ ಅಷ್ಟೂ ಮಾಡದೆ ನೇರವಾಗಿ ಡ್ರಮ್ಮಿಗೇ ಸುರಿಯುತ್ತಾರೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಮಗ್ಗಿನಲ್ಲೇ ಇದೆ. ಅದರ ಲೆಕ್ಕ ನೋಡೋಣ.

ಎಸೆನ್ಷಿಯಲ್ ಆಯಿಲ್‌ನ 20 ಹನಿ ಸೇರಿದರೆ ಸುಮಾರು ಒಂದು ಮಿಲಿಲೀಟರ್. ಎರಡು ಹನಿ ಎಂದರೆ 0.1 ಮಿಲಿ, ತೂಕದಲ್ಲಿ ಹತ್ತಿರಹತ್ತಿರ 90 ಮಿಲಿಗ್ರಾಂ. ಅದನ್ನು ಒಂದು ಲೀಟರ್ ನೀರಿಗೆ ಹಾಕಿದಿರಿ, ಅಂದರೆ 90 ಪಿಪಿಎಂ (ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಎಂದರೆ ಒಂದು ಪಿಪಿಎಂ). ಡ್ರಮ್ಮಿಗೆ ಹಾಕಿದ್ದು ಹತ್ತು ಹನಿ: ಅರ್ಧ ಮಿಲಿ, 450 ಮಿಲಿಗ್ರಾಂ. ಅದನ್ನು 200 ಲೀಟರಿಗೆ ಹಂಚಿದರೆ ಲೀಟರಿಗೆ ಎರಡೂಕಾಲು ಮಿಲಿಗ್ರಾಂ. ಮಗ್ಗಿನಲ್ಲಿ ಇದ್ದದ್ದರ ನಲವತ್ತರಲ್ಲಿ ಒಂದು ಪಾಲು! ಮಗ್ಗಿನ ಬಲವನ್ನು ಡ್ರಮ್ಮಿಗೂ ತರಬೇಕಾದರೆ ಹನಿ ಎಣಿಸುವುದನ್ನು ಬಿಟ್ಟು ಬಾಟಲಿ ಎಣಿಸಬೇಕು: ಒಂದು ಡ್ರಮ್ಮಿಗೆ 400 ಹನಿ, ಅಂದರೆ 10 ಮಿಲಿಯ ಎರಡು ಬಾಟಲಿ. ಎರಡು ಡ್ರಮ್ಮಿಗೆ ನಾಲ್ಕು. ಅದೂ ಒಂದು ಸಲಕ್ಕೆ ಮಾತ್ರ.

ಆದ್ದರಿಂದ ಎಣ್ಣೆ ಕಲಬೆರಕೆ ಇರಲೇಬೇಕೆಂದಿಲ್ಲ. ಕಲಬೆರಕೆ ಇಲ್ಲವೆಂದೂ ನಾನು ಹೇಳಲಾರೆ, ಬಾಟಲಿಯನ್ನು ಮೂಸಿ ಅದನ್ನು ತಿಳಿಯಲಾಗದು. ಶುದ್ಧ ಎಣ್ಣೆಯೇ ಆದರೂ ಎಲ್ಲವೂ ಒಂದೇ ಥರ ಇರುವುದಿಲ್ಲ. ಗಿಡದ ತಳಿ, ಕೊಯ್ದ ಕಾಲ, ಭಟ್ಟಿ ಇಳಿಸಿದ ರೀತಿ, ಬಾಟಲಿ ಎಷ್ಟು ದಿನ ತೆರೆದಿತ್ತು ಎನ್ನುವುದರ ಮೇಲೆ ಒಳಗಿನ, ಮರಿ ಕೊಲ್ಲುವ ಮುಖ್ಯ ಅಂಶವಾದ ಸಿಟ್ರಾಲ್‌ನ ಪ್ರಮಾಣ ಬದಲಾಗುತ್ತದೆ. ಕಳೆದ ಸಲದ ಬಾಟಲಿ ಕೊಂದಿತು ಎಂದಮಾತ್ರಕ್ಕೆ ಈ ಸಲದ್ದೂ ಕೊಲ್ಲಬೇಕೆಂದಿಲ್ಲ. ಆದರೆ ನಿಮ್ಮ ಡ್ರಮ್ಮಿನ ವಿಷಯದಲ್ಲಿ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ, ಪ್ರಮಾಣವೇ ಸಾಲದಾಗಿತ್ತು.

ಇನ್ನು, ಸಸ್ಯದ ಸುಗಂಧ ತೈಲಗಳು (ಎಸೆನ್ಷಿಯಲ್ ಆಯಿಲ್ ಎಂದರೆ ಇವೇ) ಸೊಳ್ಳೆ ಮರಿಗಳನ್ನು ಕೊಲ್ಲುತ್ತವೆ ಎನ್ನುವುದು ಸುಳ್ಳಲ್ಲ. ನಿಂಬೆಹುಲ್ಲಿನ ಸಿಟ್ರಾಲ್, ಲವಂಗದ ಯೂಜಿನಾಲ್, ಓಮಿನ ಥೈಮಾಲ್, ಕಿತ್ತಳೆ ಸಿಪ್ಪೆಯ ಲಿಮೊನೀನ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ಎಲ್ಲವೂ ಪ್ರಯೋಗಾಲಯದಲ್ಲಿ ಮರಿಗಳನ್ನು ಕೊಂದಿವೆ. ಕೀಟದ ನರಮಂಡಲವೇ ಇವುಗಳ ಗುರಿ. ನಮ್ಮಲ್ಲಿ ಅಡ್ರಿನಲಿನ್ ಮಾಡುವಂಥ ಕೆಲಸವನ್ನು ಕೀಟಗಳಲ್ಲಿ ಆಕ್ಟೊಪಮೈನ್ ಮಾಡುತ್ತದೆ. ಕೆಲವು ತೈಲಗಳು ಅದರ ದಾರಿಗೆ ಅಡ್ಡ ಬರುತ್ತವೆ, ಕೆಲವು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ, ನರಗಳ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನು ತಡೆಯುತ್ತವೆ. ಸೂಕ್ಷ್ಮದರ್ಶಕವೇ ಬೇಕಿಲ್ಲ, ಬಿಳಿ ಬಟ್ಟಲಿನಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಮೊದಲು ಮರಿ ಹುಚ್ಚು ಹಿಡಿದಂತೆ ಸುರುಳಿ ಸುತ್ತುತ್ತದೆ, ಆಮೇಲೆ ನಡುಗುತ್ತದೆ, ಮೇಲಕ್ಕೆ ಬರಲು ಹೆಣಗುತ್ತದೆ, ಕೊನೆಗೆ ತಳ ಸೇರಿ ಮಲಗಿಬಿಡುತ್ತದೆ. ಮೇಲೆ ಬಂದು ಉಸಿರಾಡಲೇಬೇಕಾದ ಜೀವಿಗೆ ಈಜು ತಪ್ಪಿದರೆ ಅಲ್ಲಿಗೆ ಮುಗಿಯಿತು.

ಆದರೆ "ಲ್ಯಾಬ್‌ನಲ್ಲಿ ಸಾಬೀತಾಗಿದೆ" ಎಂದು ಬಾಟಲಿಯ ಮೇಲೆ ಬರೆದಾಗ, ಆ ಪರೀಕ್ಷೆ ಹೇಗೆ ನಡೆದಿತ್ತು ಎಂದೂ ತಿಳಿದಿರಬೇಕು. ಸಾಮಾನ್ಯವಾಗಿ ಕಪ್ಪಿಗೆ 25 ಮರಿಯಂತೆ 100ರಿಂದ 200 ಮಿಲಿ ನೀರಿನಲ್ಲಿ ಬಿಡುತ್ತೇವೆ. ಬೇರೆ ಬೇರೆ ಪ್ರಮಾಣದಲ್ಲಿ ಎಣ್ಣೆ ಕೊಟ್ಟು 24 ಗಂಟೆಯ ಮೇಲೆ ಎಣಿಸುತ್ತೇವೆ. ಅರ್ಧದಷ್ಟು ಮರಿಗಳನ್ನು ಕೊಲ್ಲುವ ಪ್ರಮಾಣಕ್ಕೆ ಎಲ್‌ಸಿ 50 ಎಂದು ಹೆಸರು. ಸುಗಂಧ ತೈಲಗಳಲ್ಲಿ ಇದು 100 ಪಿಪಿಎಂಗಿಂತ ಕೆಳಗಿದ್ದರೆ ಪರವಾಗಿಲ್ಲ ಎನ್ನುವುದು ನಮ್ಮ ಸಂಶೋಧಕರಲ್ಲಿ ವಾಡಿಕೆ, 50ಕ್ಕಿಂತ ಕೆಳಗಿದ್ದರೆ ಖುಷಿಪಡುತ್ತೇವೆ. ಇದರ ಪಕ್ಕದಲ್ಲಿ ಟೆಮಿಫಾಸ್ ಎಂಬ ಹಳೆಯ ಮರಿನಾಶಕವನ್ನು ಇಟ್ಟು ನೋಡಿ. ಶೇಖರಿಸಿಟ್ಟ ನೀರಿಗೆ ಅದನ್ನು ಹಾಕುವ ಗರಿಷ್ಠ ಪ್ರಮಾಣವೇ 1 ಪಿಪಿಎಂ. ಪೈರಿಪ್ರಾಕ್ಸಿಫೆನ್ ಎಂಬ ಇನ್ನೊಂದು ಮರಿನಾಶಕಕ್ಕೆ 0.01 ಪಿಪಿಎಂ ಸಾಕು. "ಸೌಮ್ಯ" ಎಂದು ನಾವು ಕರೆಯುವ ಗಿಡದ ಎಣ್ಣೆಯನ್ನು ಇವುಗಳಿಗಿಂತ ನೂರಾರು, ಸಾವಿರಾರು ಪಟ್ಟು ಹೆಚ್ಚು ಸುರಿಯಬೇಕು. ಈ ಹೋಲಿಕೆಯನ್ನು ಬಾಟಲಿ ಮಾರುವವರು ಹೇಳುವುದಿಲ್ಲ.

ಇನ್ನೊಂದು ತೊಡಕು, ಎಣ್ಣೆ ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ಮೂಗಿಗೆ ಘಮ ಬರುತ್ತಿದೆಯೆಂದರೆ ಅಷ್ಟು ಎಣ್ಣೆ ನೀರು ಬಿಟ್ಟು ಗಾಳಿಗೆ ಹೋಯಿತು ಎಂದೇ ಅರ್ಥ. ಡ್ರಮ್ಮಿನ ಮುಚ್ಚಳ ತೆಗೆದಾಗ ಗಮ್ಮೆಂದು ವಾಸನೆ ಹೊಡೆದರೆ "ಇನ್ನೂ ಕೆಲಸ ಮಾಡುತ್ತಿದೆ" ಎಂದು ಸಮಾಧಾನಪಡುತ್ತೇವೆ. ನಿಜವಾಗಿ ಅದು ಖಾಲಿಯಾಗುತ್ತಿರುವ ಲಕ್ಷಣ. ಬಿಸಿಲು, ಗಾಳಿ, ಬೆಚ್ಚನೆಯ ನೀರು ಎಲ್ಲ ಸೇರಿ ಬಹುಪಾಲನ್ನು ಒಂದೆರಡು ದಿನದಲ್ಲಿ ಹಾರಿಸಿಬಿಡುತ್ತವೆ. ಉಳಿದದ್ದನ್ನು ನೀರಿನ ಸೂಕ್ಷ್ಮಜೀವಿಗಳು ಮುಗಿಸುತ್ತವೆ. ಪರಿಸರಕ್ಕೆ ಇದು ಒಳ್ಳೆಯದೇ, ಹೊಗಳಿಕೆಯೂ ಅದಕ್ಕೇ. ಆದರೆ ಸೊಳ್ಳೆಯ ಲೆಕ್ಕ ಬೇರೆ. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆಯಿಂದ ರೆಕ್ಕೆ ಬಲಿಯುವ ತನಕ 7ರಿಂದ 10 ದಿನ, ಆ ಅವಧಿಯಲ್ಲಿ ಯಾವ ದಿನ ಬೇಕಾದರೂ ಹೊಸ ಮೊಟ್ಟೆ ಒಡೆಯಬಹುದು. ಎರಡು ದಿನದ ಕಾವಲಿಗೆ ಐದು ದಿನದ ರಜೆ ಎಂದ ಹಾಗಾಯಿತು.

ಆರನೇ ದಿನದ ಮರಿಗಳು ಎಲ್ಲಿಂದ ಬಂದವು? ಒಂದು ಟಾರ್ಚ್ ತೆಗೆದುಕೊಂಡು ಡ್ರಮ್ಮಿನ ಒಳಗೋಡೆಯನ್ನು ನೋಡಿ. ನೀರಿನ ಮಟ್ಟಕ್ಕಿಂತ ಒಂದೆರಡು ಬೆರಳು ಮೇಲೆ, ಒದ್ದೆ ಅಂಚಿನಲ್ಲಿ, ಕರಿಮೆಣಸಿನ ಪುಡಿ ಅಂಟಿಕೊಂಡಂತೆ ಕಪ್ಪು ಚುಕ್ಕೆಗಳು ಕಂಡರೆ ಅವು ಈಡಿಸ್ ಸೊಳ್ಳೆಯ ಮೊಟ್ಟೆಗಳು. ಡೆಂಗಿ, ಚಿಕೂನ್‌ಗುನ್ಯಾ ಹರಡುವುದು ಈ ಜಾತಿ. ಹಗಲು ಕಚ್ಚುತ್ತದೆ, ಶೇಖರಿಸಿಟ್ಟ ತಿಳಿನೀರೆಂದರೆ ಇದಕ್ಕೆ ಪ್ರೀತಿ. ಇದು ಮೊಟ್ಟೆಯನ್ನು ನೀರಿಗೆ ಹಾಕುವುದಿಲ್ಲ, ಗೋಡೆಗೆ ಅಂಟಿಸುತ್ತದೆ. ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಸಾಯದೆ ಕಾಯುತ್ತದೆ. ಮಳೆ ಬಂದು ನೀರು ಏರಿ ಅದನ್ನು ಮುಟ್ಟಿತೋ, ಒಡೆಯುತ್ತದೆ. ನೀವು ನೀರಿಗೆ ಏನೇ ಹಾಕಿ, ಗೋಡೆಯ ಮೇಲಿನ ಈ ದಾಸ್ತಾನಿಗೆ ಅದು ತಾಗುವುದೇ ಇಲ್ಲ. ನೀರನ್ನು ಪೂರ್ತಿ ಚೆಲ್ಲಿ ಹೊಸದು ತುಂಬಿದರೂ ಮರಿಗಳು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಮರುದಿನ ತೇಲುತ್ತಿದ್ದ "ಸತ್ತ ಮರಿಗಳ" ಬಗ್ಗೆಯೂ ನನಗೆ ಅನುಮಾನವಿದೆ. ಸೊಳ್ಳೆ ಮರಿ ಬೆಳೆಯುತ್ತ ನಾಲ್ಕು ಸಲ ಪೊರೆ ಕಳಚುತ್ತದೆ. ಆ ಪೊರೆ ತಲೆ, ಕೂದಲು, ಬಾಲ ಸಮೇತ ಮರಿಯ ಅಚ್ಚು ಹೊಯ್ದಂತೆ ಇರುತ್ತದೆ, ನೀರಿನ ಮೇಲೆ ತೇಲುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಪೊರೆಗಳನ್ನು ಹೆಣಗಳೆಂದು ಎಣಿಸಿ ಸಂತೋಷದಿಂದ ವರದಿ ಬರೆಯುವುದನ್ನು ಪ್ರತಿ ವರ್ಷ ನೋಡುತ್ತೇನೆ, ನಾನೂ ಒಂದು ಕಾಲಕ್ಕೆ ಹಾಗೆ ಬರೆದವಳೇ. ಒಂದನ್ನು ಬೆರಳ ಮೇಲೆ ತೆಗೆದು ನೋಡಿ. ಪೊಳ್ಳಾಗಿ, ಪಾರದರ್ಶಕವಾಗಿದ್ದರೆ ಪೊರೆ. ಅಲ್ಪವಿರಾಮದ ಆಕಾರದ, ಬೆನ್ನು ಸೀಳಿದ ಪೊರೆ ಸಿಕ್ಕಿದರೆ ಸುದ್ದಿ ಇನ್ನೂ ಕೆಟ್ಟದು. ಅದು ಕೋಶದ (ಮರಿ ಸೊಳ್ಳೆಯಾಗುವ ಮುಂಚಿನ ಹಂತ) ಪೊರೆ, ಅದರೊಳಗಿದ್ದ ಸೊಳ್ಳೆ ಆಗಲೇ ಹಾರಿಹೋಗಿದೆ. ಇನ್ನೊಂದು ಮೋಸವೂ ಉಂಟು. ಮುಚ್ಚಳ ಎತ್ತಿದ ಕೂಡಲೇ ನೆರಳು ಬಿದ್ದು ಮರಿಗಳು ತಳಕ್ಕೆ ಮುಳುಗುತ್ತವೆ. "ಒಂದೂ ಇಲ್ಲ" ಎಂದು ನಿರ್ಧರಿಸುವ ಮೊದಲು ಎರಡು ಮೂರು ನಿಮಿಷ ಅಲುಗದೆ ನಿಂತಿರಿ. ಉಸಿರಿಗಾಗಿ ಅವು ಮೇಲೆ ಬಂದೇ ಬರುತ್ತವೆ.

ಮಗ್ಗಿನ ಮರಿಗಳನ್ನು ಕೊಂದದ್ದು ಎಣ್ಣೆಯೋ, ಪಾತ್ರೆ ತೊಳೆಯುವ ಲಿಕ್ವಿಡ್ಡೋ? 90 ಪಿಪಿಎಂ ನಿಂಬೆಹುಲ್ಲಿನ ಎಣ್ಣೆಗೆ ಕೊಲ್ಲುವ ಶಕ್ತಿ ಇದ್ದಿರಬಹುದು. ಆದರೆ ಸೋಪಿಗೂ ಇದೆ. ನೀರಿನ ಮೇಲ್ಮೈಗೆ ಒಂದು ಬಿಗಿತವಿರುತ್ತದೆ, ಮರಿ ತನ್ನ ಬಾಲದ ಉಸಿರುಕೊಳವೆಯನ್ನು ಅದಕ್ಕೇ ತಗುಲಿಸಿಕೊಂಡು ನೇತಾಡುತ್ತದೆ. ಸೋಪು ಆ ಬಿಗಿತವನ್ನು ಸಡಿಲಿಸಿದರೆ ಹಿಡಿತ ತಪ್ಪುತ್ತದೆ, ಕೊಳವೆಗೆ ನೀರು ನುಗ್ಗುತ್ತದೆ. ಒಮ್ಮೆ ನನ್ನ ಪ್ರಯೋಗವೊಂದರಲ್ಲಿ ಎಣ್ಣೆಯನ್ನೇ ಹಾಕದ ಕಪ್ಪಿನ ಮರಿಗಳೂ ಸಾಲಾಗಿ ಸತ್ತವು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಕಪ್ಪುಗಳನ್ನು ತೊಳೆದವರು ಸೋಪನ್ನು ಸರಿಯಾಗಿ ಜಾಲಿಸಿರಲಿಲ್ಲ. ಎಣ್ಣೆ ನೀರಿನಲ್ಲಿ ಬೆರೆಯಲು ಏನಾದರೊಂದು ಬೇಕೇ ಬೇಕು, ಅದು ತಾನೇ ಎಷ್ಟು ಕೊಲ್ಲುತ್ತದೆ ಎಂದು ಬೇರೆಯಾಗಿ ನೋಡದಿದ್ದರೆ ಲೆಕ್ಕ ಸಿಗುವುದಿಲ್ಲ.

ಬೇವಿನೆಣ್ಣೆಯ ಸಂಗತಿ ಬೇರೆ. ಅದು ಎಸೆನ್ಷಿಯಲ್ ಆಯಿಲ್ ಅಲ್ಲ, ಬೀಜ ಹಿಂಡಿ ತೆಗೆದ ಜಿಡ್ಡಿನ ಎಣ್ಣೆ, ಹಾರಿಹೋಗುವುದಿಲ್ಲ. ಅದರಲ್ಲಿರುವ ಅಜಡಿರಾಕ್ಟಿನ್ ಮರಿಯ ಪೊರೆ ಕಳಚುವ ಕೆಲಸವನ್ನು ಕೆಡಿಸುತ್ತದೆ. ಹೀಗಾಗಿ ಮರಿಗಳು ಕೂಡಲೇ ಸಾಯುವುದಿಲ್ಲ, ಆದರೆ ಸೊಳ್ಳೆಯಾಗಲು ಹೆಣಗುತ್ತವೆ. ಬಿಸಿಲಿಗೆ ಅಜಡಿರಾಕ್ಟಿನ್ ಬೇಗ ಒಡೆದುಹೋಗುತ್ತದೆ ಎನ್ನುವುದು ಅದರ ದೌರ್ಬಲ್ಯ. ಜಿಡ್ಡಿನ ಎಣ್ಣೆ ಯಾವುದೇ ಆದರೂ, ನೀರಿನ ಮೇಲೆ ಒಂದು ತೆಳು ಪದರ ಕಟ್ಟಿದರೆ ಮರಿಯ ಉಸಿರುಕೊಳವೆ ಮುಚ್ಚುತ್ತದೆ. ಇದು ಹಳೆಯ ವಿದ್ಯೆ. 1904ರಿಂದ 1914ರವರೆಗೆ ಪನಾಮಾ ಕಾಲುವೆ ತೋಡುವಾಗ ಅಮೆರಿಕದ ಸೇನಾ ವೈದ್ಯ ವಿಲಿಯಂ ಗೋರ್ಗಾಸ್ ಅವರ ತಂಡ ನಿಂತ ನೀರಿಗೆಲ್ಲ ಖನಿಜ ಎಣ್ಣೆ ಸಿಂಪಡಿಸಿದ್ದು ಇದಕ್ಕಾಗಿಯೇ. ಆದರೆ ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಬಿಡುವುದರಲ್ಲಿ ಅರ್ಥವಿಲ್ಲ. ಬಿಂದಿಗೆಯಲ್ಲಿ ಮೊಗೆದಾಗಲೆಲ್ಲ ಪದರ ಹರಿಯುತ್ತದೆ, ಮಿಕ್ಕದ್ದು ಕಮಟು ಹಿಡಿಯುತ್ತದೆ.

ಲವಂಗದೆಣ್ಣೆ ಹೌದು, ಜೋರು. ನನಗೆ ಭಯವಾಗುವುದೂ ಅದಕ್ಕೇ. ಮೀನುಗಳಿಗೆ ಶಸ್ತ್ರಚಿಕಿತ್ಸೆ ಮಾಡುವಾಗ, ತೂಕ ನೋಡುವಾಗ ಅರಿವಳಿಕೆಯಾಗಿ ಬಳಸುವುದು ಇದೇ ಲವಂಗದೆಣ್ಣೆಯನ್ನು. ಲೀಟರಿಗೆ 40ರಿಂದ 60 ಮಿಲಿಗ್ರಾಂ ಆಸುಪಾಸಿನಲ್ಲಿ ಮೀನು ಪಕ್ಕಕ್ಕೆ ವಾಲಿ ಮಂಪರು ಬೀಳುತ್ತದೆ, ಅದೇ ನೀರಿನಲ್ಲಿ ಬಿಟ್ಟರೆ ಮತ್ತೆ ಏಳುವುದಿಲ್ಲ. ಸೊಳ್ಳೆ ಮರಿ ಸಾಯುವ ಪ್ರಮಾಣವೂ ಹತ್ತಿರಹತ್ತಿರ ಅಷ್ಟೇ. ಅಂದರೆ ಮರಿ ಸಾಯುವಷ್ಟು ಹಾಕಿದರೆ ಗಪ್ಪಿಯೂ ಸಾಯುತ್ತದೆ, ಗಪ್ಪಿ ಉಳಿಯುವಷ್ಟು ಹಾಕಿದರೆ ಮರಿಯೂ ಉಳಿಯುತ್ತದೆ. ನಡುವೆ ಜಾಗವಿಲ್ಲ. ಆ ತೊಟ್ಟಿಗೆ ಏನನ್ನೂ ಹಾಕಬೇಡಿ, ನಿಂಬೆಹುಲ್ಲಿನದನ್ನೂ ಸಹ. ಗಪ್ಪಿಗಳೇ ಅಲ್ಲಿ ಸೊಳ್ಳೆ ಮರಿಗಳನ್ನು ತಿಂದು ಮುಗಿಸುತ್ತಿರುತ್ತವೆ. ಅಂಚಿನಲ್ಲಿ ಪಾಚಿ, ಗಿಡ ದಟ್ಟವಾಗಿ ಮೀನು ನುಗ್ಗದಂತಾಗಿದ್ದರೆ ಅಷ್ಟನ್ನು ಕಿತ್ತುಬಿಡಿ, ಸಾಕು.

ಮಗು ಮತ್ತು ಬೆಕ್ಕಿನ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. "ಗಿಡದ್ದು ತಾನೇ" ಎನ್ನುವುದು ಎಲೆಯ ಮಟ್ಟಿಗೆ ಸರಿ. ಆದರೆ ಬಾಟಲಿಯಲ್ಲಿರುವುದು ಎಲೆಯಲ್ಲ, ರಾಶಿ ಎಲೆಯನ್ನು ಭಟ್ಟಿ ಇಳಿಸಿ ತೆಗೆದ ಸಾರ. ಚಿಕ್ಕ ಮಕ್ಕಳಿಗೆ ನೀಲಗಿರಿ ಎಣ್ಣೆ ಒಂದು ಟೀ ಚಮಚ ಹೊಟ್ಟೆಗೆ ಹೋದರೂ ಪ್ರಜ್ಞೆ ತಪ್ಪುವುದು, ಫಿಟ್ಸ್ ಬರುವುದು ಉಂಟು. ಲವಂಗದೆಣ್ಣೆ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಇಂಥದ್ದು ನಡೆದರೆ ಮಗುವಿಗೆ ವಾಂತಿ ಮಾಡಿಸಲು ಹೋಗಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ, ಬಾಟಲಿಯ ಸಮೇತ ನೇರ ಆಸ್ಪತ್ರೆಗೆ ಹೋಗಿ. ಬೆಕ್ಕಿನ ಯಕೃತ್ತಿಗೆ ಇಂಥ ಹಲವು ವಸ್ತುಗಳನ್ನು ಒಡೆದು ಹೊರಹಾಕುವ ಶಕ್ತಿ ಕಡಿಮೆ. ಡ್ರಮ್ಮಿನ ಅಂಚು ನೆಕ್ಕುವ, ಮೈಗೆ ತಗುಲಿದ್ದನ್ನು ನಾಲಿಗೆಯಲ್ಲೇ ಒರೆಸಿಕೊಳ್ಳುವ ಪ್ರಾಣಿ ಅದು. ನೀವು ಹಾಕಿದ ಹತ್ತು ಹನಿಯಿಂದ ಏನೂ ಆಗಿರುವುದಿಲ್ಲ, ಗಾಬರಿ ಬೇಡ. ಅದು ಸೊಳ್ಳೆ ಮರಿಗೂ ಏನೂ ಮಾಡದಷ್ಟು ಕಡಿಮೆಯಿತ್ತು. 400 ಹನಿಯ ಮಾತೇ ಬೇರೆ. ಅಷ್ಟು ಸಿಟ್ರಾಲ್ ಇರುವ ನೀರಿನಲ್ಲಿ ದಿನಾ ಕೈಯಾಡಿಸಿದರೆ ಕೆಲವರ ಚರ್ಮಕ್ಕೆ ಅಲರ್ಜಿ ಹತ್ತಿಕೊಳ್ಳುತ್ತದೆ, ಆ ನೀರಿನಲ್ಲಿ ತೊಳೆದ ಪಾತ್ರೆಯಲ್ಲಿ ಮಗುವಿಗೆ ಊಟ ಕೊಡಿ ಎಂದು ನಾನು ಹೇಳಲಾರೆ.

ಹಾಗಾದರೆ ಏನು ಮಾಡಬೇಕು? ಡ್ರಮ್ಮಿನ ನೀರನ್ನು ಬಳಸಿ ಮುಗಿಸಿ, ಒಂದು ದಿನ ಖಾಲಿ ಮಾಡಿ. ಒಳಗೋಡೆಯನ್ನು ಗಡುಸು ಬ್ರಷ್‌ನಿಂದ ಉಜ್ಜಿ. ಜಾಲಿಸಿದರೆ ಸಾಲದು, ಮೊಟ್ಟೆ ಗೋಂದು ಹಚ್ಚಿದಂತೆ ಅಂಟಿರುತ್ತದೆ. ಉಜ್ಜಿದ ನೀರನ್ನು ಚರಂಡಿಗಲ್ಲ, ಒಣ ನೆಲಕ್ಕೆ ಚೆಲ್ಲಿ. ಆಮೇಲೆ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬಟ್ಟೆ ಕಟ್ಟಿ, ಅಂಚಿನಲ್ಲಿ ಎಲಾಸ್ಟಿಕ್ ಬಿಗಿಯಾಗಿರಲಿ, ನಡುವೆ ತಗ್ಗಾಗಿ ನೀರು ನಿಲ್ಲದಿರಲಿ. ಮಳೆನೀರು ಜಾಲರಿಯ ಮೂಲಕವೇ ಇಳಿಯುತ್ತದೆ. ತುಂಬಿ ಹರಿಯುವ ತೂತಿಗೂ ಜಾಲರಿ ಬೇಕು, ಎಲ್ಲರೂ ಮರೆಯುವುದು ಅದನ್ನೇ. ಸಾಧ್ಯವಾದರೆ ಕೆಳಗೆ ನಲ್ಲಿ ಕೂರಿಸಿ, ಮುಚ್ಚಳ ತೆಗೆಯುವ ಪ್ರಸಂಗವೇ ಬರುವುದಿಲ್ಲ. ವಾರಕ್ಕೊಮ್ಮೆ ಟಾರ್ಚ್ ಬಿಟ್ಟು ನೋಡಿ. ಇಷ್ಟು ಮಾಡಿದ ಮನೆಗಳಲ್ಲಿ ಮರಿನಾಶಕದ ಮಾತು ಬಂದದ್ದನ್ನು ನಾನು ಕಂಡದ್ದು ಕಡಿಮೆ.

ಖಾಲಿ ಮಾಡಲು ಆಗದಷ್ಟು ನೀರಿನ ಅಭಾವವಿದ್ದರೆ ಬಿಟಿಐ ಇದೆ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಬ್ಯಾಕ್ಟೀರಿಯಾ, 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸಿಕ್ಕಿತು. ನಿಮಗೆ ಬೇಕಾದ್ದು "ನೈಸರ್ಗಿಕ"ವಾದದ್ದು ಎಂದಾದರೆ ಇದೂ ನೈಸರ್ಗಿಕವೇ. ಮರಿ ಅದರ ಹರಳುಗಳನ್ನು ನುಂಗುತ್ತದೆ, ಕರುಳಿನ ಕ್ಷಾರದಲ್ಲಿ ಹರಳು ಕರಗಿ ವಿಷವಾಗಿ ಕರುಳಿನ ಗೋಡೆಯನ್ನೇ ತೂತು ಮಾಡುತ್ತದೆ. ಮೀನು, ಬೆಕ್ಕು, ಮನುಷ್ಯರ ಹೊಟ್ಟೆಯಲ್ಲಿ ಈ ಕೆಲಸ ನಡೆಯುವುದಿಲ್ಲ, ಆದ್ದರಿಂದಲೇ ಕುಡಿಯುವ ನೀರಿನಲ್ಲೂ ಬಳಸಲು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಇದಕ್ಕೂ ಮಿತಿಗಳಿವೆ. ಕೋಶದ ಹಂತದಲ್ಲಿ ಸೊಳ್ಳೆ ಏನನ್ನೂ ತಿನ್ನುವುದಿಲ್ಲ, ಹಾಗಾಗಿ ಆಗಲೇ ಕೋಶವಾದವು ಬಿಟಿಐ ಹಾಕಿದ ಮೇಲೂ ಸೊಳ್ಳೆಯಾಗಿ ಏಳುತ್ತವೆ. ಮೊದಲ ಎರಡು ಮೂರು ದಿನ ಸೊಳ್ಳೆ ಕಂಡರೆ ಔಷಧಿ ಕೆಟ್ಟದ್ದೆಂದುಕೊಳ್ಳಬೇಡಿ. ಕೊಳಚೆ ನೀರಿನಲ್ಲಿ ಪರಿಣಾಮ ತಗ್ಗುತ್ತದೆ. ಎಷ್ಟು ದಿನಕ್ಕೊಮ್ಮೆ ಹಾಕಬೇಕೆನ್ನುವುದು ಪುಡಿಯೋ ಬಿಲ್ಲೆಯೋ ಎನ್ನುವುದರ ಮೇಲಿದೆ, ಲೇಬಲ್ ಹೇಳಿದಂತೆ ಮಾಡಿ. ಪೈರಿಪ್ರಾಕ್ಸಿಫೆನ್ ಹಾಕಿದರೆ ಇನ್ನೂ ವಿಚಿತ್ರ, ಮರಿಗಳು ಆರಾಮವಾಗಿ ಈಜಾಡುತ್ತಲೇ ಇರುತ್ತವೆ, ಆದರೆ ಕೋಶ ಒಡೆದು ಸೊಳ್ಳೆ ಹೊರಬರುವುದಿಲ್ಲ. ಇದು ತಿಳಿಯದೆ ಜನ ಮತ್ತೆ ಮತ್ತೆ ಸುರಿಯುತ್ತಾರೆ. ಟೆಮಿಫಾಸ್ ಅಗ್ಗ, ಆದರೆ ಹಲವು ಕಡೆ ಈಡಿಸ್ ಅದಕ್ಕೆ ಒಗ್ಗಿಕೊಂಡಿದೆ. ನಿಮ್ಮ ಎರಡು ಡ್ರಮ್ಮಿಗೆ ಅದರ ಗೊಡವೆ ಬೇಡ.

ಸುಗಂಧ ತೈಲಗಳನ್ನು ನಾನು ತಳ್ಳಿಹಾಕುತ್ತಿಲ್ಲ, ವರ್ಷಗಟ್ಟಲೆ ಅವುಗಳ ಜೊತೆ ಕಳೆದವಳು. ಎಣ್ಣೆಯನ್ನು ಅತಿ ಸಣ್ಣ ಕಣಗಳಾಗಿ ಒಡೆದು ನೀರಿನಲ್ಲಿ ನಿಲ್ಲಿಸುವುದು, ಹಾರಿಹೋಗದಂತೆ ಕವಚದೊಳಗೆ ಕೂರಿಸುವುದು ಎಂದೆಲ್ಲ ಕೆಲಸ ನಡೆದಿದೆ. ಅದರಲ್ಲಿ ನನಗೆ ತುಂಬ ಇಷ್ಟವಾದದ್ದು ಯೀಸ್ಟ್ ಕಣಗಳೊಳಗೆ ಕಿತ್ತಳೆ ಎಣ್ಣೆ ತುಂಬುವ ಉಪಾಯ. ಮರಿಗೆ ಯೀಸ್ಟ್ ಊಟ, ಊಟದ ಜೊತೆ ಎಣ್ಣೆಯೂ ಹೊಟ್ಟೆ ಸೇರುತ್ತದೆ. ನೀರಿಗೆಲ್ಲ ಎಣ್ಣೆ ಹರಡುವ ದಂಡ ತಪ್ಪುತ್ತದೆ. ಇವನ್ನು ಮನೆಯಲ್ಲಿ ಚಮಚ ತಿರುಗಿಸಿ ಮಾಡಲಾಗುವುದಿಲ್ಲ ಅಷ್ಟೆ.

ನನ್ನ ಮಾತು ನಂಬಿಕೆಯಾಗದಿದ್ದರೆ ನಿಮ್ಮ ಮಗ್ಗಿನ ಪ್ರಯೋಗವನ್ನೇ ಸ್ವಲ್ಪ ತಿದ್ದಿ ಮಾಡಿ ನೋಡಿ. ಒಂದೇ ಅಳತೆಯ ಮೂರು ಪಾತ್ರೆ, ಒಂದೊಂದು ಲೀಟರ್ ಡ್ರಮ್ಮಿನ ನೀರು, ತಲಾ 25 ಮರಿ. ಕೋಶಗಳು ಬೇಡ, ಮರಿಗಳು ಮಾತ್ರ. ಮೊದಲನೆಯದಕ್ಕೆ ಏನೂ ಬೇಡ. ಎರಡನೆಯದಕ್ಕೆ ಲಿಕ್ವಿಡ್ ಮಾತ್ರ. ಮೂರನೆಯದಕ್ಕೆ ಅಷ್ಟೇ ಲಿಕ್ವಿಡ್, ಜೊತೆಗೆ ಎರಡು ಹನಿ ಎಣ್ಣೆ. ಮೂರನ್ನೂ ಬಟ್ಟೆ ಕಟ್ಟಿ, ಮಗು, ಬೆಕ್ಕಿಗೆ ಎಟುಕದ ಕಡೆ ಇಡಿ. ಮಾರನೇ ದಿನ ಇದೇ ಹೊತ್ತಿಗೆ ಎಣಿಸಿ. ಎರಡು, ಮೂರನೆಯ ಪಾತ್ರೆಗಳಿಂದ ಸತ್ತವನ್ನು ತೆಗೆದು, ನೀರು ಬದಲಿಸದೆ, ಮೂರನೇ ದಿನ ಹೊಸ ಮರಿಗಳನ್ನು ಬಿಡಿ. ಮತ್ತೆ 24 ಗಂಟೆ ಬಿಟ್ಟು ಎಣಿಸಿ, ನನಗೂ ಬರೆದು ತಿಳಿಸಿ. ಮೊದಲ ಪಾತ್ರೆಯಲ್ಲಿ ಅಲ್ಪವಿರಾಮದ ಆಕಾರದ ಕೋಶ ಒಂದು ಕಂಡರೂ ತಡಮಾಡಬೇಡಿ, ಮೂರನ್ನೂ ಬಿಸಿಲು ಬಿದ್ದ ಒಣ ನೆಲಕ್ಕೆ ಚೆಲ್ಲಿಬಿಡಿ.